ಐದನೇ ವರ್ಷದ ಹುಯಿಲು

ರಿಪ್ಪನ್‌ಪೇಟೆಯ ಸಂಘದ ಕಚೇರಿ ಬಾಗಿಲಿಗೆ ವಿದ್ಯಾರ್ಥಿವೇತನದ ಪಟ್ಟಿ ಅಂಟಿಸಿದ ಆರನೇ ದಿನ ಆಶಾಗೆ ಫೋನ್ ಬಂತು. ಆ ಹೊತ್ತಿನಲ್ಲಿ ಅವಳು ಊರ ಶಾಲೆಯ ಬಿಸಿಯೂಟದ ಕೋಣೆಯಲ್ಲಿ ನೂರಾಹತ್ತು ಮಕ್ಕಳ ಸಾರಿಗೆ ಒಗ್ಗರಣೆ ಹಾಕುತ್ತಿದ್ದಳು. ಮಾತಾಡಿದವರು ಸಂಘದ ಅಧ್ಯಕ್ಷ ರಾಜೇಂದ್ರ.

"ಈ ಸಲಾನೂ ಒಂದು ಆಕ್ಷೇಪಣೆ ಬಂದೈತೆ ಆಶಕ್ಕ. ಗಾಬರಿ ಮಾಡ್ಕಬೇಡಿ. ಆದಾಯದ ಸರ್ಟಿಫಿಕೇಟ್ ತಗಂಡು ಒಂದ್ಸಲ ಬಂದು ಹೋಗಿ."

ಒಗ್ಗರಣೆಯ ಸಾಸಿವೆ ಸೀದು ಕಪ್ಪಾಯಿತು. ಆಶಾ ಅದನ್ನು ಹಾಗೇ ಸಾರಿಗೆ ಸುರಿದಳು. ಆವತ್ತು ಮಕ್ಕಳು ಉಂಡದ್ದು ಕಹಿ ಸಾರು. ತಪ್ಪು ಯಾರದ್ದು ಎಂದು ಕೇಳಿದ್ದರೆ ಆಶಾ ಒಂದು ಗಳಿಗೆಯೂ ಯೋಚಿಸದೆ ತನ್ನ ಮನೆಯ ಪಕ್ಕದ ಗೋಡೆಯ ಕಡೆ ಬೆರಳು ತೋರಿಸುತ್ತಿದ್ದಳು. ಗೋಡೆಯ ಆಚೆ ಇದ್ದವಳು ಸ್ವಪ್ನಾ, ಆಶಾಳ ಗಂಡನ ಅಣ್ಣನ ಹೆಂಡತಿ. ಎಂಟು ವರ್ಷದಿಂದ ಈ ವಾರಗಿತ್ತಿಯರ ನಡುವೆ ಮಾತಿಲ್ಲ, ಕತೆಯಿಲ್ಲ. ಒಬ್ಬಳು ಬಾವಿಗೆ ಬಂದರೆ ಇನ್ನೊಬ್ಬಳು ಕೊಡ ಎತ್ತಿಕೊಂಡು ಹಿಂದಕ್ಕೆ ಹೋಗುತ್ತಾಳೆ.

ಸಂಘದ ಪದ್ಧತಿಯನ್ನು ಒಂದಿಷ್ಟು ಹೇಳಬೇಕು. ಲಿಂಗನಮಕ್ಕಿ ಅಣೆಕಟ್ಟಿನ ನೀರಿನಲ್ಲಿ ಊರು ಕಳೆದುಕೊಂಡವರ ಮಕ್ಕಳು ಸೇರಿ ಕಟ್ಟಿದ ಸಂಘ ಅದು. ಸಾಗರ, ಹೊಸನಗರ, ತೀರ್ಥಹಳ್ಳಿ ಮೂರೂ ತಾಲೂಕಿಗೆ ಸೇರಿದ್ದು. ವರ್ಷಕ್ಕೊಮ್ಮೆ ಅಂಕ ನೋಡಿ, ಮನೆಯ ಸ್ಥಿತಿ ನೋಡಿ ಮಕ್ಕಳನ್ನು ಆರಿಸುತ್ತಾರೆ. ಆರಿಸಿದವರ ಪಟ್ಟಿ ಎಂಟು ದಿನ ಬಾಗಿಲ ಮೇಲಿರಬೇಕು. ಆ ಎಂಟು ದಿನದಲ್ಲಿ ಯಾರು ಬೇಕಾದರೂ ಆಕ್ಷೇಪಣೆ ಬರೆದು ಪೆಟ್ಟಿಗೆಗೆ ಹಾಕಬಹುದು. ಹೆಸರು ಹಾಕಲೇಬೇಕೆಂದಿಲ್ಲ. ಹೆಸರು ಹಾಕಿ ದೂರು ಕೊಡುವ ಎದೆಗಾರಿಕೆ ನಮ್ಮ ಸೀಮೆಯವರಿಗೆ ಇದ್ದಿದ್ದರೆ ಅರ್ಧ ಜಗಳ ಹುಟ್ಟುತ್ತಲೇ ಇರಲಿಲ್ಲ, ಆ ಮಾತು ಬೇರೆ. ಇದೆಲ್ಲ ದಾಟಿ ಸತತ ಐದು ವರ್ಷ ವಿದ್ಯಾರ್ಥಿವೇತನ ಪಡೆದ ಹುಡುಗ ಹುಡುಗಿಯರಿಗೆ ಬೆಳ್ಳಿ ಪದಕ ಹಾಕಿ, ಹೆಸರನ್ನು ಸಂಘದ ಹಜಾರದ ಹಲಗೆಯ ಮೇಲೆ ಬರೆಸುತ್ತಾರೆ. ಆ ಹಲಗೆ ಮಾಡಿಸಿ ಹದಿನಾಲ್ಕು ವರ್ಷವಾಯಿತು. ಅದರ ಮೇಲಿರುವುದು ಮೂರೇ ಹೆಸರು.

ನಾಲ್ಕನೆಯದು ಲಿಖಿತಾಳದ್ದಾಗಬೇಕಿತ್ತು. ಲಿಖಿತಾ ಆಶಾಳ ಒಬ್ಬಳೇ ಮಗಳು, ಸಾಗರದಲ್ಲಿ ಬಿ.ಎಸ್ಸಿ. ಕೊನೇ ವರ್ಷ. ಬೆಳಿಗ್ಗೆ ಆರೂವರೆ ಬಸ್ಸಿಗೆ ಹೋದರೆ ಸಂಜೆ ಆರಕ್ಕೆ ಮನೆ. ಬಸ್ಸಿನಲ್ಲೂ ಓದು, ಬಚ್ಚಲ ಒಲೆಯ ಮುಂದೆಯೂ ಓದು. ಮಾತು ಕಡಿಮೆ. ಅಂಕಪಟ್ಟಿ ಬಂದ ದಿನ ಆಶಾ ಅದನ್ನು ಕೈಯಲ್ಲಿ ಹಿಡಿದು ಗೋಡೆಯ ಬಳಿ ನಿಂತು, ಆಚೆ ಕಿವಿ ಇರುವವರಿಗೆಲ್ಲ ಕೇಳುವಂತೆ ಓದುತ್ತಿದ್ದಳು. ಆಚೆ ಮನೆಯ ದೀಪಕ್, ಸ್ವಪ್ನಾಳ ಮಗ, ಪಿಯುಸಿಯಲ್ಲಿ ಎರಡು ಸಲ ಡುಮ್ಕಿ ಹೊಡೆದು ಈಗ ಗೂಡ್ಸ್ ಆಟೋ ಓಡಿಸುತ್ತಾನೆ. ಅವನಿಗೆ ಕೇಳಲಿ ಎಂದೇ ಗಣಿತದ ಅಂಕವನ್ನು ಎರಡು ಸಲ ಓದುತ್ತಿದ್ದಳು.

ಇನ್ನು ವೇದಿಕೆ. ಪುರಸ್ಕಾರದ ದಿನ ಮಕ್ಕಳ ತಾಯಿಯೋ ತಂದೆಯೋ ಮೈಕಿನಲ್ಲಿ ಎರಡು ಮಾತಾಡಬೇಕು ಎನ್ನುವುದು ಸಂಘದ ಸಂಪ್ರದಾಯ. ಬೇರೆಯವರು 'ಎಲ್ಲರಿಗೂ ನಮಸ್ಕಾರ, ಸಂಘಕ್ಕೆ ಋಣಿ' ಎಂದು ಬೆವರು ಒರೆಸಿಕೊಂಡು ಇಳಿಯುತ್ತಿದ್ದರು. ಆಶಾ ಹಾಗಲ್ಲ. ಅವಳು ಮೈಕ್ ಹಿಡಿದಳೆಂದರೆ ಸಭೆ ಮೂಗು ಒರೆಸಿಕೊಳ್ಳುತ್ತಿತ್ತು. ಗಂಡ ನಾಗೇಂದ್ರನಿಗೆ ಎದೆನೋವು ಬಂದದ್ದು, ಪಕ್ಕದಲ್ಲೇ ಇದ್ದ ಸ್ವಂತ ಅಣ್ಣನ ಮನೆಯವರು ಒಂದು ಗಾಡಿ ಮಾಡಿಕೊಡದೆ ಹೋದದ್ದು, ದಾರಿಯಲ್ಲೇ ಜೀವ ಹೋದದ್ದು, ಆಮೇಲೆ ತಾನೊಬ್ಬಳೇ ಸೌಟು ಹಿಡಿದು ಮಗಳನ್ನು ಓದಿಸಿದ್ದು. ಸ್ವಪ್ನಾಳ ಹೆಸರನ್ನು ಹೇಳುವಾಗ ಅವಳ ದನಿ ಹರಿತವಾಗುತ್ತಿತ್ತು. ಒಂದು ವರ್ಷ ಹೊಸನಗರದಲ್ಲಿ, ಒಂದು ವರ್ಷ ತೀರ್ಥಹಳ್ಳಿಯಲ್ಲಿ, ಹೀಗೆ ನಾಲ್ಕು ವರ್ಷ ಮೂರು ತಾಲೂಕಿನ ಜನ ಈ ಕತೆ ಕೇಳಿ ಸ್ವಪ್ನಾಗೆ ಶಾಪ ಹಾಕಿ ಊಟಕ್ಕೆ ಹೋಗಿದ್ದಾರೆ. ವಿಡಿಯೋ ಊರಿನ ವಾಟ್ಸ್ಆ್ಯಪ್ ಗುಂಪಿಗೂ ಬರುತ್ತಿತ್ತು. ಬರಲಿ ಎಂದೇ ಆಶಾ ಮಾತಾಡುತ್ತಿದ್ದಳು.

ಎರಡನೇ ವರ್ಷದಿಂದ ಆಕ್ಷೇಪಣೆ ಶುರುವಾಯಿತು. ಪ್ರತಿ ವರ್ಷ ರಾಜೇಂದ್ರ ಕರೆಸುವುದು, ಆಶಾ ಪಡಿತರ ಚೀಟಿ, ಆದಾಯ ಪತ್ರ ಹಿಡಿದುಕೊಂಡು ಹೋಗುವುದು, ಅವರು ಅದನ್ನು ನೋಡಿದಂತೆ ಮಾಡಿ 'ಸರಿ ಬಿಡಿ' ಎನ್ನುವುದು. ಬರೆದವರು ಯಾರೆಂದು ಅವಳು ಕೇಳಲೂ ಇಲ್ಲ. ಕೇಳುವುದೇನು ಬಂತು, ಹೊಟ್ಟೆಕಿಚ್ಚಿನ ವಿಳಾಸ ಗೊತ್ತಿತ್ತಲ್ಲ.

ಹೋದ ವರ್ಷ ಮೂರನೇ ಸಲ ಅರ್ಜಿ ಬಿದ್ದಾಗ ಅವಳ ತಾಳ್ಮೆ ಹರಿಯಿತು. ಊರ ಚೌಡಮ್ಮನ ಬನಕ್ಕೆ ಹೋಗಿ ಹುಯಿಲು ಕೊಟ್ಟಳು. ನ್ಯಾಯ ಸಿಗದವರು ಕೊನೆಗೆ ದೇವಿಯ ಮುಂದೆ ದೂರಿಡುವ ಪದ್ಧತಿ ಅದು. ಸುಲಿಯದ ಕಾಯಿಯೊಂದನ್ನು ಕಲ್ಲಿನ ಮುಂದಿಟ್ಟು, ತನಗೆ ಅನ್ಯಾಯ ಮಾಡಿದವರಿಗೆ ಏನಾಗಬೇಕೆಂದು ಬಾಯಿಬಿಟ್ಟು ಹೇಳಬೇಕು. ತಪ್ಪಿತಸ್ಥರು ಬಂದು ಒಪ್ಪಿಕೊಳ್ಳುವ ತನಕ ಆ ಕಾಯಿ ಅಲ್ಲೇ ಇರುತ್ತದೆ. ಸಣ್ಣಪುಟ್ಟದ್ದಕ್ಕೆ ಯಾರೂ ಕೊಡುವುದಿಲ್ಲ, ಕೊಟ್ಟವರ ಮನೆಯನ್ನೂ ಅದು ಸುಟ್ಟದ್ದುಂಟು ಎಂಬ ಭಯ. ಬನದ ಪೂಜಾರಿ ಸುಬ್ಬಪ್ಪ ಎರಡು ಸಲ ಬೇಡ ಎಂದ. ಆಶಾ ಕೇಳಲಿಲ್ಲ. "ಸ್ವಪ್ನಾನೇ ಇರ್ಲಿ, ಯಾರೇ ಇರ್ಲಿ, ನನ್ ಮಗಳ ಅನ್ನಕ್ಕೆ ಕಲ್ಲು ಹಾಕಿ ಕಾಗದ ಬರ್ದ ಕೈ ಸೊರಗಿ ಹೋಗ್ಲಿ ಅಮ್ಮ. ಅನ್ನ ಕಲ್ಸಕ್ಕೂ ಆಗದಂಗೆ ಹೋಗ್ಲಿ," ಎಂದು ಗಟ್ಟಿಯಾಗಿ ಹೇಳಿ ಬಂದಳು. ಸಂಜೆಯೊಳಗೆ ಸುದ್ದಿ ಗೋಡೆಯ ಆಚೆಗೂ ಹೋಯಿತು.

ಅಷ್ಟಾದರೂ ಈ ವರ್ಷ ಮತ್ತೆ ಅರ್ಜಿ. ದೇವಿಗೂ ಹೆದರದ ಆ ಕೈ ಎಂಥದ್ದು ಎಂದು ಆಶಾಳ ಮೈ ಉರಿಯಿತು. ಬಿಸಿಯೂಟದ ಪಾತ್ರೆ ತೊಳೆಯದೆ, ಉಟ್ಟ ಸೀರೆಯಲ್ಲೇ ರಿಪ್ಪನ್‌ಪೇಟೆಯ ಬಸ್ಸು ಹತ್ತಿದಳು.

ಕಚೇರಿಯಲ್ಲಿ ರಾಜೇಂದ್ರ ಸಾಗರದ ಸಮಾರಂಭದ ಆಮಂತ್ರಣ ಪತ್ರಿಕೆಗಳಿಗೆ ವಿಳಾಸ ಬರೆಸುತ್ತ ಕೂತಿದ್ದರು. ಆಶಾ ಆದಾಯ ಪತ್ರವನ್ನು ಚೀಲದಿಂದ ತೆಗೆಯಲೇ ಇಲ್ಲ.

"ಆ ಕಾಗದ ತೋರ್ಸಿ ರಾಜೇಂದ್ರಣ್ಣ."

"ಅದನ್ನ ತೋರ್ಸೋ ಪದ್ಧತಿ ಇಲ್ಲ ಆಶಕ್ಕ. ನೀವು ಸರ್ಟಿಫಿಕೇಟ್ ಕೊಡಿ, ನಾನು ಮುಗಿಸ್ತೀನಿ."

"ಮೂರು ವರ್ಷ ಮುಗಿಸಿದ್ದು ಸಾಕು. ನನ್ ಮಗಳ ಮೇಲೆ ಬರ್ದಿದ್ದನ್ನ ನಾ ನೋಡ್ಬಾರ್ದು ಅಂತ ಯಾವ ಬೈಲಾದಾಗೆ ಐತೆ? ಅದನ್ನಾದ್ರೂ ತೋರ್ಸಿ."

ರಾಜೇಂದ್ರ ಸಭೆಗಳನ್ನು ನಡೆಸಿ ಪಳಗಿದ ಮನುಷ್ಯ. ಹಾವೂ ಸಾಯಬಾರದು, ಕೋಲೂ ಮುರಿಯಬಾರದು ಎನ್ನುವ ಜಾತಿ. ಟೀ ತರಿಸುತ್ತೇನೆ ಎಂದರು. ಅವರು ಹುಡುಗನನ್ನು ಕೂಗಲು ಬಾಗಿಲ ಕಡೆ ತಿರುಗಿದ್ದೇ ತಡ, ಆಶಾ ಮೇಜಿನ ಮೇಲಿದ್ದ ಕಡತವನ್ನು ಎಳೆದುಕೊಂಡಳು. ಎಲ್ಲಕ್ಕಿಂತ ಮೇಲೇ ಇತ್ತು ಅದು. ಕಂಪ್ಯೂಟರಿನಲ್ಲಿ ಅಚ್ಚು ಹಾಕಿಸಿದ ಏಳೆಂಟು ಸಾಲು.

'ಲಿಖಿತಾಳಿಗೆ ವಿದ್ಯಾರ್ಥಿವೇತನ ಕೊಡುವುದಾದರೆ ಕೊಡಿ, ಬಿಡುವುದಾದರೆ ಬಿಡಿ. ಅವಳ ತಾಯಿಯನ್ನು ಮಾತ್ರ ವೇದಿಕೆಗೆ ಕರೆಯಬೇಡಿ. ಮೈಕಿನಲ್ಲಿ ಅವರು ಪ್ರತಿ ವರ್ಷ ಹೇಳುತ್ತಿರುವುದು ಸುಳ್ಳು. ಆ ದಿನ ಜೀಪಿನಲ್ಲಿ ನಾಗೇಂದ್ರ ಅವರ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ಹೋದವರು ಯಾರು ಎಂದು ಅವರನ್ನೇ ಕೇಳಿ. ಇದನ್ನೇ ಪ್ರತಿ ಸಲ ಬರೆದಿದ್ದೇನೆ. ನೀವು ಒಮ್ಮೆಯೂ ಕೇಳಲಿಲ್ಲ.'

"ಇದ್ರಾಗೆ ಆದಾಯದ ಮಾತೆಲ್ಲೈತೆ?" ಎಂದಳು ಆಶಾ. ದನಿ ಸಣ್ಣಗಾಗಿತ್ತು.

ರಾಜೇಂದ್ರ ಕನ್ನಡಕ ತೆಗೆದು ಒರೆಸಿದರು. "ಆದಾಯದ್ದು ಅಂತ ನಾನೇ ಹೇಳಿದ್ದೆ. ಬೇರೆ ಎಂತ ಹೇಳ್ಲಿ? ನಿಮ್ಮನ್ನ ವೇದಿಕೆಗೆ ಹತ್ಸಲ್ಲ ಅಂದ್ರೆ ಕಾರ್ಯಕ್ರಮ ಯಾರು ನೋಡ್ತಾರೆ? ನಿಮ್ ಮಾತು ಕೇಳೇ ಅಲ್ವಾ ದಾನಿಗಳು ಕೈ ಬಿಚ್ಚೋದು. ಅದು ಸತ್ಯನೋ ಸುಳ್ಳೋ ನಂಗ್ಯಾಕೆ? ಸಂಘ ನಡೀಬೇಕಲ್ಲ."

ಆಶಾ ಆ ಹಾಳೆಯನ್ನು ಮಡಿಸಿ ಸೊಂಟಕ್ಕೆ ಸಿಕ್ಕಿಸಿಕೊಂಡು ಎದ್ದಳು. ರಾಜೇಂದ್ರರ ಮೇಲೆ ಸಿಟ್ಟು ಬರಬೇಕಿತ್ತು, ಬರಲಿಲ್ಲ. ಅವಳ ತಲೆಯಲ್ಲಿ ಒಂದೇ ಮಾತು ಓಡುತ್ತಿತ್ತು. ಜೀಪಿನ ಒಳಗೆ ನಡೆದದ್ದು ಗೊತ್ತಿರುವುದು ಜೀಪಿನಲ್ಲಿದ್ದವರಿಗೆ. ಓಡಿಸಿದವನು ಅಪರಿಚಿತ, ಅವನ ಹೆಸರೂ ಯಾರಿಗೂ ತಿಳಿಯದು. ಇನ್ನು ಉಳಿದವಳು ಸ್ವಪ್ನಾ. ಅಲ್ಲಿಗೆ ಕಳ್ಳಿ ಸಿಕ್ಕಿಬಿದ್ದಳು.

ಎಂಟು ವರ್ಷದ ಮೇಲೆ ಮೊದಲ ಸಲ ಆಶಾ ಆ ಅಂಗಳಕ್ಕೆ ಕಾಲಿಟ್ಟಳು. ಸ್ವಪ್ನಾ ಕೊಟ್ಟಿಗೆಯ ಮುಂದೆ ಕೂತು ದನಕ್ಕೆ ಹುಲ್ಲು ಕತ್ತರಿಸುತ್ತಿದ್ದಳು. ಎದುರಿಗೆ ಬಂದು ನಿಂತವಳನ್ನು ನೋಡಿಯೂ ಕೈ ನಿಲ್ಲಿಸಲಿಲ್ಲ.

"ಬರ್ದಿದ್ದೂ ಬರ್ದೆ, ನಿನ್ನ ದೊಡ್ಡಸ್ತಿಕೆ ನೀನೇ ಬರ್ಕಂಡ್ಯಲ್ಲ," ಎಂದು ಆಶಾ ಹಾಳೆಯನ್ನು ಅವಳ ಮಡಿಲಿಗೆ ಎಸೆದಳು. "ತೊಡೆ ಮೇಲೆ ತಲೆ ಇಟ್ಕಂಡಿದ್ಯಂತೆ. ಅದಕ್ಕೊಂದು ಪದಕ ಕೊಡ್ಬೇಕಾ ನಿಂಗೆ? ನನ್ ಮಗಳ ಹೆಸರು ಹಲಗೆ ಮೇಲೆ ಬರೋದನ್ನ ನೋಡಕ್ಕಾಗಲ್ಲ ಅಲ್ವಾ? ಉರ್ಕ. ಚೆನ್ನಾಗಿ ಉರ್ಕ."

ಸ್ವಪ್ನಾ ಹುಲ್ಲಿನ ಕೈಯನ್ನು ಸೀರೆಗೆ ಒರೆಸಿಕೊಂಡು ಹಾಳೆ ಬಿಡಿಸಿದಳು. ನಿಧಾನವಾಗಿ, ತುಟಿ ಅಲುಗಿಸುತ್ತ ಓದಿದಳು. ಓದಿ ಮುಗಿಸಿ, ಜೀಪಿನ ಸಾಲಿಗೆ ಬೆರಳಿಟ್ಟು ಮತ್ತೊಮ್ಮೆ ಓದಿದಳು. ಆಮೇಲೆ ಮಡಿಸಿ, ಎದ್ದು ನಿಂತು, ಆಶಾಳ ಮುಖಕ್ಕೆ ಮುಖ ಕೊಟ್ಟಳು.

"ನಾನೇ ಬರ್ದಿದ್ದು ಅಂತ್ಲೇ ಇಟ್ಕ. ಹುಯಿಲು ಕೊಟ್ಟಿದ್ಯಲ್ಲ, ನನ್ ಕೈಗೇ ಹತ್ಲಿ. ಈಗ ಅಂಗಳ ಬಿಟ್ಟು ನಡಿ. ನೀ ನಿಂತ ಜಾಗ ಸಗಣಿ ಹಾಕಿ ಸಾರಿಸ್ಬೇಕು."

"ಒಪ್ಕಂಡ್ಯಲ್ಲ. ಬಾ ಹಂಗಾರೆ ಬನಕ್ಕೆ. ಅಲ್ಲಿ ಒಪ್ಕ."

"ಬತ್ತೀನಿ ನಡಿ. ನಿನ್ನಂಗೆ ಮೈಕ್ ಬೇಕಾಗಿಲ್ಲ ನಂಗೆ."

"ದೊಡ್ಡಮ್ಮ, ಸುಮ್ನಿರು."

ಮಾತಾಡಿದ್ದು ಲಿಖಿತಾ. ಸಾಗರದ ಬಸ್ಸಿಳಿದು ಬಂದವಳು ಗೋಡೆಯ ಪಕ್ಕ ಬ್ಯಾಗ್ ಹೆಗಲಿಗೆ ಹಾಕಿಕೊಂಡೇ ನಿಂತಿದ್ದಳು. ಯಾವಾಗ ಬಂದಳೋ ಇಬ್ಬರೂ ನೋಡಿರಲಿಲ್ಲ.

"ದೊಡ್ಡಮ್ಮಂಗೆ ಕಂಪ್ಯೂಟರ್ ಎಲ್ಲಿಂದ ಬರ್ಬೇಕು ಅಮ್ಮ? ನಾನು ಬರ್ದಿದ್ದು. ನಾಲ್ಕು ಕಾಗದಾನೂ ನಾನೇ ಬರ್ದಿದ್ದು. ಜೀಪಲ್ಲಿ ನಾನೂ ಇದ್ದೆ. ಅದು ನಿಂಗೆ ನೆನಪೇ ಇಲ್ಲ."

ನೆನಪಿಲ್ಲದೆ ಏನು. ಕಾಗದ ಬರೆದವರನ್ನು ಹುಡುಕುವಾಗ ಮಗಳು ಲೆಕ್ಕಕ್ಕೆ ಬಾರದಿದ್ದರೂ, ಆಶಾಗೆ ಎಲ್ಲವೂ ನೆನಪಿತ್ತು. ಅದಕ್ಕೇ ಅದನ್ನು ಎಂಟು ವರ್ಷದಿಂದ ಬೇರೆ ಥರ ಹೇಳಿಕೊಂಡು ಬಂದದ್ದು. ಆ ದಿನ ಅವಳು ಊರಿನಲ್ಲೇ ಇರಲಿಲ್ಲ. ಗಂಡನ ಜೊತೆ ಜಗಳ ಮಾಡಿಕೊಂಡು, ಏಳನೇ ತರಗತಿಯ ಮಗಳನ್ನು ಮನೆಯಲ್ಲೇ ಬಿಟ್ಟು, ತೀರ್ಥಹಳ್ಳಿಯ ಒಂದು ಮದುವೆ ಮನೆಗೆ ಹೋಗಿದ್ದಳು. ನಾಗೇಂದ್ರ ಎರಡು ಸಲ ಫೋನ್ ಮಾಡಿದ. ಮೂರನೇ ಸಲ ಮಾಡಬಾರದೆಂದು ಅವಳು ಫೋನನ್ನೇ ಆಫ್ ಮಾಡಿದಳು. ಸ್ವಪ್ನಾಳ ಗಂಡ ಕೆಲಸದ ಮೇಲೆ ಲಿಂಗನಮಕ್ಕಿಗೆ ಹೋಗಿದ್ದ. ಸ್ವಪ್ನಾ ಬರಿಗಾಲಲ್ಲಿ ರಸ್ತೆಗೆ ಓಡಿ, ಗಾರೆ ಕೆಲಸದವರನ್ನು ತುಂಬಿಕೊಂಡು ಹೋಗುತ್ತಿದ್ದ ಜೀಪಿಗೆ ಅಡ್ಡ ನಿಂತು, ಅವರನ್ನೆಲ್ಲ ಇಳಿಸಿ, ಮೈದುನನನ್ನು ಹತ್ತಿಸಿಕೊಂಡಳು. ಆಸ್ಪತ್ರೆಯ ದಾರಿಯಲ್ಲಿ ಆಯನೂರು ದಾಟುವಷ್ಟರಲ್ಲಿ ಅವಳ ತೊಡೆಯ ಮೇಲೇ ಅವನ ಉಸಿರು ನಿಂತಿತು. ಪಕ್ಕದಲ್ಲಿ ಲಿಖಿತಾ ಅಪ್ಪನ ಚಪ್ಪಲಿ ಹಿಡಿದುಕೊಂಡು ಕೂತಿದ್ದಳು. ಆಶಾ ಬಂದದ್ದು ಹೆಣ ಅಂಗಳಕ್ಕೆ ಬಂದ ಮೇಲೆ. ಆ ಹೊತ್ತಿನಲ್ಲಿ ಸ್ವಪ್ನಾ ಎಲ್ಲರ ಮುಂದೆ ಒಂದು ಮಾತು ಕೇಳಿದಳು, 'ಎಲ್ಲಿ ಸತ್ತಿದ್ಯೇ ನೀನು' ಅಂತ. ಗಂಡ ಸತ್ತದ್ದನ್ನು ಆಶಾ ಹೇಗೋ ತಡೆದುಕೊಂಡಳು. ಈ ಮಾತನ್ನು ತಡೆದುಕೊಳ್ಳಲು ಆಗಲಿಲ್ಲ. ಗೋಡೆ ಎದ್ದದ್ದು ಆ ಮಾತಿನ ಮೇಲೆ.

ಮನೆಯೊಳಗೆ ಬಂದ ಮೇಲೆ ಆಶಾ ಮಗಳ ಕೆನ್ನೆಗೆ ಹೊಡೆದಳು. ಲಿಖಿತಾ ಅಳಲಿಲ್ಲ, ಕೆನ್ನೆ ಮುಟ್ಟಿಕೊಳ್ಳಲೂ ಇಲ್ಲ.

"ಯಾರಿಗೋಸ್ಕರ ಮಾತಾಡಿದ್ನೇ ನಾನು? ನಿಂಗೋಸ್ಕರ ಅಲ್ವಾ?"

"ನಂಗೋಸ್ಕರ ಅಲ್ಲ. ಓದಿದ್ದು ನಾನು. ವೇದಿಕೆ ಮೇಲೆ ನನ್ನ ಹೆಸರು ಒಂದ್ಸಲ ಬತ್ತಿತ್ತು, ದೊಡ್ಡಮ್ಮನ ಹೆಸರು ಹತ್ಸಲ. ಜನ ನನ್ನ ನೋಡಿ ಚಪ್ಪಾಳೆ ಹೊಡೀತಿರ್ಲಿಲ್ಲ ಅಮ್ಮ. ದೊಡ್ಡಮ್ಮಂಗೆ ಬೈದಿದ್ದಕ್ಕೆ ಹೊಡೀತಿದ್ರು. ಒಳ್ಳೇ ಮಾರ್ಕ್ಸ್ ಬಂದ್ರೆ ಭಯ ಆಗ್ತಿತ್ತು ನಂಗೆ. ಇನ್ನೊಂದು ವರ್ಷ ನಿನ್ ಮಾತು ಕೇಳ್ಬೇಕಲ್ಲ ಅಂತ."

"ಹುಯಿಲು ಕೊಟ್ಟಿದ್ದು ಗೊತ್ತಿತ್ತಾ ನಿಂಗೆ?"

"ಗೊತ್ತಿತ್ತು. ಗೊತ್ತಿದ್ದೇ ಈ ವರ್ಷ ಬರ್ದೆ. ಕೈ ಹೋದ್ರೆ ಹೋಗ್ಲಿ, ಐದನೇ ಸಲ ಆ ಮಾತು ಕೇಳಕ್ಕಾಗಲ್ಲ ಅನ್ನಿಸ್ತು."

ಆಶಾ ಹತ್ತಿರ ಬಂದಳು. ಮಗಳ ಬಲಗೈಯನ್ನೇ ನೋಡಿದಳು. ತೋರುಬೆರಳಿನ ಪಕ್ಕ ಪೆನ್ನು ಒತ್ತಿ ಒತ್ತಿ ಗಟ್ಟಿಯಾದ ಗಂಟು. ಅನ್ನ ಕಲಸಲೂ ಆಗದಂತೆ ಹೋಗಲಿ ಎಂದು ತಾನೇ ಬಾಯಿಬಿಟ್ಟು ಕೇಳಿದ್ದು ಇದೇ ಕೈಗೆ. ಚೌಡಮ್ಮನನ್ನು ನಂಬುವುದಿಲ್ಲ ಎನ್ನುವವರು ಪೇಟೆಯಲ್ಲಿ ಇರಬಹುದು. ಆಶಾ ನಂಬಿದವಳು. ಪರೀಕ್ಷೆ ಬೇರೆ ಹತ್ತಿರ ಬಂದಿತ್ತು.

ಮರುದಿನ ಬೆಳಗಾಗುತ್ತಲೇ ಬನಕ್ಕೆ ಓಡಿದಳು. ಸುಬ್ಬಪ್ಪ ಅವಳ ಮಾತನ್ನೆಲ್ಲ ಕೇಳಿಸಿಕೊಂಡು, ಬಾಯಿಯ ಎಲೆ ಅಡಿಕೆ ಉಗಿದು ಬಂದು ಕೂತ.

"ಮಾತು ಆಡಿದರೆ ಹೋಯ್ತು, ಮುತ್ತು ಒಡೆದರೆ ಹೋಯ್ತು ಅಂತ ಹೋದ್ ವರ್ಷನೇ ಹೇಳಿದ್ದೆ. ಈಗ ಎಂತ ಮಾಡೋದು? ಕೊಟ್ಟೋಳು ನೀನು ಬರ್ಬೇಕು. ಬರ್ದೋಳು ನಿನ್ ಮಗಳು ಬರ್ಬೇಕು. ನೀನು ಅಮ್ಮನ ಮುಂದೆ ಸ್ವಪ್ನನ ಹೆಸರು ಹೇಳಿದ್ದೆ, ಅವಳೂ ಬರ್ಬೇಕು. ಮೂರೂ ಜನ ನಿಂತು ಹೊಟ್ಟೇಲಿ ಏನೂ ಉಳಿದಿಲ್ಲ ಅಂದ್ರೆ ಕಾಯಿ ಒಡೀತೀನಿ. ಬರೋ ಮಂಗಳವಾರ ಆಗ್ತದೆ. ಒಬ್ರು ಬರ್ದೇ ಇದ್ರೂ ಇಲ್ಲ."

ಆಶಾ ಎರಡನೇ ಸಲ ಆ ಅಂಗಳಕ್ಕೆ ಹೋದಳು. ಈ ಸಲ ಮಧ್ಯಕ್ಕೆ ಹೋಗಲಿಲ್ಲ, ತುಳಸಿಕಟ್ಟೆಯ ಈಚೆಗೇ ನಿಂತಳು. ಎಂಟು ವರ್ಷ ನಾಲಿಗೆಗೆ ಬಾರದ ಪದವನ್ನು ಎಳೆದು ತರಬೇಕಿತ್ತು.

"ಅಕ್ಕ. ಮಂಗಳವಾರ ಬನಕ್ಕೆ ಬರ್ಬೇಕು."

"ಯಾಕೆ ಬರ್ಲಿ?" ಎಂದಳು ಸ್ವಪ್ನಾ. ಹಿಂದಿನ ದಿನದ ಸಿಟ್ಟು ಒಂದು ತೊಟ್ಟೂ ಇಳಿದಿರಲಿಲ್ಲ. "ನನ್ ಮಗನಿಗೆ ತೀರ್ಥಹಳ್ಳಿ ಕಡೆಯಿಂದ ಹೆಣ್ಣು ನೋಡಕ್ಕೆ ಹೋದಾಗ ಎಂತ ಅಂದ್ರು ಗೊತ್ತಾ? ಮೈದುನನ್ನ ಸಾಯಕ್ಕೆ ಬಿಟ್ಟ ಮನೆ ಅಲ್ವಾ ಅಂದ್ರು. ನಿನ್ ವಿಡಿಯೋ ಅಲ್ಲಿಗೂ ಹೋಗಿತ್ತು. ಮಡಿಕೆ ತುಂಬ ವಿಷ ಹಾಕಿ ಈಗ ಒಂದು ಅಕ್ಕ ಅಂದ್ರೆ ಸಾಕಾ?"

"ಎಂತ ಮಾಡ್ಬೇಕು ಹೇಳು."

"ಎಲ್ಲಿ ಮಾನ ತೆಗ್ದೆ, ಅಲ್ಲೇ ಕೊಡು. ಭಾನುವಾರ ಸಾಗರದಾಗೆ ನಿಂದು ಕಾರ್ಯಕ್ರಮ ಐತಲ್ಲ. ನಾನೂ ಬತ್ತೀನಿ, ಹಿಂದೆ ಕೂತ್ಕತ್ತೀನಿ. ನನ್ ಕಿವಿಲಿ ಕೇಳ್ಬೇಕು. ಆಮೇಲೆ ಮಂಗಳವಾರದ ಮಾತು."

ಭಾನುವಾರ ಸಾಗರದ ಸಭಾಭವನ ತುಂಬಿತ್ತು. ಶಾಲು, ಹಾರ, ಹಣ್ಣಿನ ಬುಟ್ಟಿ, ದಾನಿಗಳ ಮುಖವೇ ದೊಡ್ಡದಾಗಿದ್ದ ಫ್ಲೆಕ್ಸು. ಹದಿನೆಂಟು ಮಕ್ಕಳನ್ನು ಸಾಲಾಗಿ ಕೂರಿಸಿದ್ದರು. ಐದು ವರ್ಷದವಳೆಂದು ಲಿಖಿತಾಗೆ ಮಧ್ಯದ ಕುರ್ಚಿ, ಪಕ್ಕದಲ್ಲಿ ಆಶಾ. ರಾಜೇಂದ್ರ ಬಗ್ಗಿ ಅವಳ ಕಿವಿಯಲ್ಲಿ, "ಹೊಸ ದಾನಿಗಳು ಇಬ್ರು ಬಂದಿದಾರೆ. ಮಾಮೂಲಿಗಿಂತ ಸ್ವಲ್ಪ ಜಾಸ್ತೀನೇ ಹೇಳಿ," ಎಂದು ಹೋದರು. ಕೊನೆಯ ಸಾಲಿನಲ್ಲಿ ಸ್ವಪ್ನಾ ಸೆರಗು ಹೊದ್ದು ಕೂತಿದ್ದಳು, ಪಕ್ಕದಲ್ಲಿ ದೀಪಕ್. ಬಂದವರಲ್ಲಿ ನಾಲ್ಕಾರು ಜನ ಅವಳನ್ನು ಗುರುತು ಹಿಡಿದು ಪಿಸುಗುಟ್ಟಿ ದೂರದ ಕುರ್ಚಿಗೆ ಹೋದರು. ಆಶಾ ಮೇಲಿನಿಂದ ಅದನ್ನು ನೋಡಿದಳು. ತಾನು ಮಾಡಿದ್ದು ಏನು ಎಂಬುದು ಅವಳಿಗೆ ಕಣ್ಣಾರೆ ಕಂಡದ್ದು ಅದೇ ಮೊದಲು. ನಾಚಿಕೆಯಾಯಿತು, ನಾಚಿಕೆಯ ಜೊತೆಗೆ ಸಿಟ್ಟೂ ಬಂತು. ಈ ಹೆಂಗಸಿನ ಮುಂದೆ ಸೋಲಬೇಕಲ್ಲ ಎಂದು.

ಮೈಕ್ ಕೈಗೆ ಬಂತು.

"ನನ್ನ ಗಂಡನಿಗೆ ಎದೆನೋವು ಬಂದ ದಿನ," ಎಂದು ಶುರು ಮಾಡಿದಳು. ಮುಂದಿನ ಸಾಲಿನ ಹೆಂಗಸರು ಆಗಲೇ ಸೆರಗು ಕೈಗೆ ತೆಗೆದುಕೊಂಡರು. "ನಾನು ತೀರ್ಥಹಳ್ಳೀಲಿ ಮದುವೆ ಊಟಕ್ಕೆ ಹೋಗಿದ್ದೆ. ಅವರ ಜೊತೆ ಜಗಳ ಮಾಡಿ ಹೋಗಿದ್ದೆ. ಅವರು ಫೋನ್ ಮಾಡಿದ್ರು, ನಾನು ಆಫ್ ಮಾಡ್ದೆ. ಗಾಡಿ ನಿಲ್ಸಿದ್ದು ಸ್ವಪ್ನಕ್ಕ. ಅವರ ತೊಡೆ ಮೇಲೇ ಜೀವ ಹೋಗಿದ್ದು. ನಾಲ್ಕು ವರ್ಷ ನಾನು ಇಲ್ಲಿ ಹೇಳಿದ್ದು ಸುಳ್ಳು."

ಯಾರೋ ಅಭ್ಯಾಸಬಲದಿಂದ ಚಪ್ಪಾಳೆ ಹೊಡೆದರು. ಇನ್ನೂ ನಾಲ್ಕು ಜನ ಸೇರಿಕೊಂಡರು. ಆಮೇಲೆ ಮಾತಿನ ಅರ್ಥ ತಲೆಗೆ ಹೋಗಿ ಒಂದೊಂದೇ ಕೈ ನಿಂತಿತು. ರಾಜೇಂದ್ರ ಎದ್ದು ಮೈಕಿನವನಿಗೆ ಸನ್ನೆ ಮಾಡುತ್ತಿದ್ದರು.

"ಇದು ನನ್ ಮಗಳ ದಿನ," ಎಂದು ಆಶಾ ಅವಸರದಲ್ಲಿ ಹೇಳಿದಳು. "ಅವಳು ಓದಿದ್ದು, ಅವಳು ಗೆದ್ದಿದ್ದು. ನಾನು ಇಲ್ಲಿ ನಿಂತು ಅವಳದ್ದನ್ನೆಲ್ಲ..."

ಮೈಕ್ ಸತ್ತಿತು. ಉಳಿದದ್ದು ಮುಂದಿನ ಸಾಲಿಗೆ ಮಾತ್ರ ಕೇಳಿಸಿತು. ಅಲ್ಲಿದ್ದ ಮುದುಕಿಯೊಬ್ಬಳು, "ಥೂ, ನಾಲ್ಕು ವರ್ಷ ನನ್ನ ಕಣ್ಣೀರು ಹಾಕ್ಸಿದ್ಯಲ್ಲೇ," ಎಂದಳು. ಹೊಸ ದಾನಿಗಳು ಒಬ್ಬರನ್ನೊಬ್ಬರು ನೋಡಿಕೊಂಡರು. ಪದಕ ಹಾಕುವಾಗ ಲಿಖಿತಾಳ ಅಂಕಗಳನ್ನು ಓದಿದರು, ಹಲಗೆಯ ಮೇಲೆ ಹೆಸರು ಬರೆಸುವುದಾಗಿ ಘೋಷಿಸಿದರು. ಚಪ್ಪಾಳೆ ತೆಳ್ಳಗೆ ಬಂತು. ಬಂದದ್ದಷ್ಟೂ ಅವಳಿಗೇ ಬಂದದ್ದು. ಲಿಖಿತಾ ಸಭೆಗೆ ಕೈ ಮುಗಿದು ಕೂತಳು, ತಾಯಿಯ ಕಡೆ ತಿರುಗಲಿಲ್ಲ. ಸ್ವಪ್ನಾ ಊಟಕ್ಕೂ ನಿಲ್ಲದೆ ಎದ್ದು ಹೋದಳು. ಬಾಗಿಲಲ್ಲಿ ಎದುರಾದ ಆಶಾಗೆ, "ಮಂಗಳವಾರ ಏಳಕ್ಕೆ. ತಡ ಮಾಡಿದ್ರೆ ನಾ ಕಾಯೋಳಲ್ಲ," ಎಂದಷ್ಟೇ ಅಂದಳು.

ಮಂಗಳವಾರ ಬನದಲ್ಲಿ ಸ್ವಪ್ನಾಳೇ ಮೊದಲು ಬಂದು ನಿಂತಿದ್ದಳು. ಸುಬ್ಬಪ್ಪ ಕಲ್ಲಿಗೆ ನೀರು ಹಾಕಿ, ಕುಂಕುಮ ಇಟ್ಟು, ವರ್ಷದಿಂದ ಅಲ್ಲೇ ಒಣಗಿದ್ದ ಕಾಯಿಯನ್ನು ಸುಲಿದು ಮುಂದಿಟ್ಟ. ಲಿಖಿತಾಳ ಬಲಗೈಯನ್ನು ಕಲ್ಲಿನ ಮೇಲೆ ಇಡಿಸಿದ. ಬರೆದದ್ದು ತಾನೇ ಎಂದು ಅವಳು ಒಪ್ಪಿಕೊಂಡಳು. ಆಶಾ ಮಣ್ಣಿನಲ್ಲಿ ಮಂಡಿಯೂರಿ, ಆಡಿದ ಮಾತನ್ನು ಹಿಂದಕ್ಕೆ ಕೊಡು ತಾಯಿ ಎಂದು ಮೂರು ಸಲ ಕೇಳಿದಳು.

ಸುಬ್ಬಪ್ಪ ಸ್ವಪ್ನಾಳ ಕಡೆ ತಿರುಗಿದ. "ಹೆಸರು ಹೇಳಿಸ್ಕಂಡೋಳು ನೀನು. ಹೊಟ್ಟೇಲಿ ಏನಾರ ಉಳಿದೈತಾ?"

"ಉಳಿದೈತೆ," ಎಂದಳು ಸ್ವಪ್ನಾ. "ಎಂಟು ವರ್ಷದ್ದು ಒಂದು ಭಾನುವಾರಕ್ಕೆ ಹೋಗಾದಿಲ್ಲ."

ಸುಬ್ಬಪ್ಪ ಕಾಯಿ ಹಿಡಿದ ಕೈಯನ್ನು ಕೆಳಗಿಳಿಸಿದ. "ಉಳಿದಿದ್ರೆ ಒಡಿಯಂಗಿಲ್ವಲ್ಲ ಮಾರಾಯ್ತಿ."

"ಅದು ನಂಗೂ ಇವಳಿಗೂ ಇರೋದು. ನಾವಿಬ್ರು ಸಾಯೋತಂಕ ಇರ್ಲಿ. ಅಮ್ಮಂಗೂ ಅದನ್ನೇ ಹೇಳು, ನಾ ಸುಳ್ಳು ಹೇಳೋಳಲ್ಲ. ಈ ಕೂಸಿನ ಕೈಗೆ ಮಾತ್ರ ಏನೂ ಆಗಬಾರ್ದು. ಅದ್ರಾಗೆ ನಂದೇನೂ ಉಳಿದಿಲ್ಲ. ಒಡಿ ಕಾಯಿ."

ಸುಬ್ಬಪ್ಪ ಕಲ್ಲಿಗೆ ಕೈ ಮುಗಿದ. ಅವನಿಗೆ ಏನು ತೋಚಿತೋ, ಒಂದೇ ಏಟಿಗೆ ಕಾಯಿ ಎರಡು ಹೋಳಾಯಿತು. ಸ್ವಪ್ನಾ ಒಂದು ಹೋಳನ್ನು ಎತ್ತಿ ಲಿಖಿತಾಳ ಬಲಗೈಗೆ ಕೊಟ್ಟು, ಬೆರಳುಗಳನ್ನು ತಾನೇ ಮಡಿಸಿದಳು.

"ಪರೀಕ್ಷೆ ಯಾವತ್ತು ಕೂಸೇ?"

"ಹದಿನೇಳಕ್ಕೆ ದೊಡ್ಡಮ್ಮ."

"ಚೆನ್ನಾಗಿ ಬರಿ," ಎಂದು ಅವಳ ತಲೆ ಸವರಿ, ಆಶಾಳ ಕಡೆ ಕಣ್ಣೆತ್ತಿಯೂ ನೋಡದೆ ಸ್ವಪ್ನಾ ಬನದ ಮೆಟ್ಟಿಲು ಇಳಿದಳು.

ಆಶಾ ಮಂಡಿಯ ಮಣ್ಣು ಕೊಡವಿಕೊಳ್ಳುತ್ತಿದ್ದವಳು ಹಾಗೇ ನಿಂತಳು. ಐದು ವರ್ಷ ಅವಳು ಮಗಳನ್ನು ಅಂಕ ಎಷ್ಟು ಬಂತು ಎಂದು ಕೇಳಿದ್ದಳು, ಬೇರೆಯವರ ಮಕ್ಕಳಿಗೆ ಎಷ್ಟು ಬಂತು ಎಂದೂ ಕೇಳಿದ್ದಳು. ಪರೀಕ್ಷೆ ಹದಿನೇಳಕ್ಕೆ ಎಂದು ಅವಳಿಗೆ ಗೊತ್ತಾದದ್ದು ಈಗ.